ಅಜ್ಜಿ ಓದುವ ಷರತ್ತು

ಕನಸು ತಾನಾಗಿ ಬೀಳುವುದು ನಿಂತ ಮೇಲೆ ನಮ್ಮ ಬೀದಿಯವರೆಲ್ಲ ನನ್ನ ವೆಬ್‌ಸೈಟಿನಿಂದಲೇ ನಿದ್ದೆಯಲ್ಲಿ ಕನಸು ತೋರಿಸುವ ಪ್ಲೇಯರ್ ಇಳಿಸಿಕೊಳ್ಳುತ್ತಾರೆ. ಅದು ಉಚಿತ. ತಯಾರಿಸಿದವರ ಷರತ್ತುಗಳನ್ನು ಕತ್ತರಿಸದೆ ಹಂಚಬೇಕು, ಅಷ್ಟೇ. ಪ್ರತಿ ಕನಸಿಗೂ ಮೊದಲು ಅಜ್ಜಿಯೊಬ್ಬಳ ದನಿ ಆ ಷರತ್ತುಗಳನ್ನು ಓದುತ್ತದೆ.

ಮಧ್ಯಾಹ್ನ ಬೇಳೆ ಬೇಯಲಿಟ್ಟಿದ್ದಾಗ ಪಕ್ಕದ ಮನೆಯ ಶಾಂಭವಿ ಮಗಳನ್ನು ಎತ್ತಿಕೊಂಡು ಬಂದಳು. "ಅಕ್ಕಾ, ಇವ್ಳು ಮಲಗದೆ ನಾನು ಕೆಲ್ಸಕ್ಕೆ ಹೋಗೋ ಹಾಗಿಲ್ಲ. ಆ ಅಜ್ಜಿ ಪುರಾಣ ತೆಗೆದುಹಾಕಿ, ಬೇಗ ಕನಸು ಶುರುವಾಗ್ಲಿ."

ತೆಗೆದುಹಾಕಿ, ಮಗುವನ್ನು ನಮ್ಮಲ್ಲೇ ಮಲಗಿಸಿ ಪ್ಲೇಯರ್ ಹಚ್ಚಿದೆ. ಮಗು ದಿಂಬಿನಿಂದ ಎದ್ದು ಕೂತು, "ಅಜ್ಜಿ ಎಲ್ಲಿ?" ಎಂದು ಅತ್ತಿತು.

ಕೈ ಒರೆಸಿಕೊಂಡು ಷರತ್ತುಗಳನ್ನೆಲ್ಲ ಮರಳಿ ಸೇರಿಸಿದೆ. "ಯಾರಿಗೆ ಬೇಕಾದರೂ ಕೊಡಿ, ಇಡಿಯಾಗಿ ಕೊಡಿ," ಎಂದಿತು ಅಜ್ಜಿಯ ದನಿ. ಮಗುವಿನ ರೆಪ್ಪೆ ಭಾರವಾಯಿತು. "ಇದಕ್ಕೆ ಯಾವ ಖಾತರಿಯೂ ಇಲ್ಲ," ಎನ್ನುವಷ್ಟರಲ್ಲಿ ಮಗು ನಿದ್ದೆಗೆ ಜಾರಿತ್ತು.

ಶಾಂಭವಿ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಹೊರಟಳು.