ಎರಡು ಮೇಣದಬತ್ತಿ

ತವರಿನಿಂದ ಒಂದು ದಿನ ಮೊದಲೇ ಬಂದೆ. ಕಂಪ್ಯೂಟರಿನ ಮುಂದೆ ಎರಡು ಮೇಣದಬತ್ತಿ ಉರಿಯುತ್ತಿದ್ದವು.

"ಯಾರಿಗ್ರೀ ಈ ಅಲಂಕಾರ?"

"ಯಾರಿಗೂ ಇಲ್ಲ ಕಣೇ. ಹಳೇ ವಿಡಿಯೋ ಗೇಮ್‌ಗಳನ್ನ ಕಂಪ್ಯೂಟರಲ್ಲೇ ಓಡಿಸೋ ಎಮ್ಯುಲೇಟರ್ ಹಾಕಿ ಟೇಬಲ್ ಟೆನಿಸ್ ಆಡ್ತಿದ್ದೆ. ಕೈಲಿ ಹಿಡಿದು ಆಡೋ ಈ ರಿಮೋಟ್‌ಗೆ ದಿಕ್ಕು ಗೊತ್ತಾಗೋಕೆ ಎದುರಿಗೆ ಎರಡು ಬೆಳಕು ಬೇಕು."

"ಕಥೆ ಕಟ್ಬೇಡಿ."

ಮೇಣದಬತ್ತಿಗಳನ್ನು ಊದಿ ಆರಿಸಿದೆ. ರಿಮೋಟ್ ತಿರುಗಿದತ್ತ ಪರದೆಯ ಮೇಲೆ ಓಡಾಡುತ್ತಿದ್ದ ಬಾಣ ಮಾಯವಾಯಿತು. ಅವರು ನಗುತ್ತ ಮತ್ತೆ ಹಚ್ಚಿದರು, ಬಾಣ ಮರಳಿತು. ನನಗೆ ನಾಚಿಕೆಯಾಯಿತು.

"ನಂಗೂ ಹೇಳಿಕೊಡಿ."

"ಏನಿಲ್ಲ, ಕೈ ಅಲುಗಿದಂಗೆ ಅಲ್ಲಿ ಬ್ಯಾಟ್ ಅಲುಗುತ್ತೆ."

"ಇನ್ನೊಂದು ರಿಮೋಟ್ ಎಲ್ಲಿ?"

"ರೂಮಲ್ಲಿ, ಡಬ್ಬದೊಳಗಿದೆ. ನಾಳೆ ತೆಗೆಯೋಣ ಬಿಡು."

ಅವರು ತಮ್ಮ ರಿಮೋಟನ್ನು ಮೇಜಿನ ಮೇಲಿಟ್ಟರು. ಪರದೆಯಲ್ಲಿ ಅವರ ಬ್ಯಾಟ್ ನಿಶ್ಚಲವಾಯಿತು. ಇನ್ನೊಂದು ರಿಮೋಟಿನ ಬ್ಯಾಟ್ ಮಾತ್ರ ಸಣ್ಣಗೆ ನಡುಗುತ್ತಿತ್ತು.