ಏಳನೆಯ ಝಂಡೆಪ್ಪ

"ಹೆಸರು?" ಎಂದು ಕೇಳಿದ ಝಂಡೆಪ್ಪ ಮಾಸ್ತರರ ಪೆನ್ನು, ಉತ್ತರ ಕೇಳಿ ಅಲ್ಲೇ ನಿಂತಿತು.

"ಝಂಡೆಪ್ಪ ಅಂತ ಬರ್ಕೋರಿ," ಎಂದ ಬೀರಲಿಂಗಪ್ಪ, ಮಗನ ಮೂಗು ಒರೆಸುತ್ತ.

1984ರ ಜೂನ್ ತಿಂಗಳು. ಅತನೂರಿನ ಶಾಲೆಯ ದಾಖಲಾತಿ ಪುಸ್ತಕಕ್ಕೆ ಸೇರಿದ ಏಳನೆಯ ಝಂಡೆಪ್ಪ ಇವನು. ಒಬ್ಬಿಬ್ಬರಾಗಿದ್ದರೆ ಹೋಗಲಿ ಬಿಡಿ ಎನ್ನಬಹುದಿತ್ತು. ಏಳು ಮಂದಿ ಎಂದರೆ ಇದು ಅಭಿಮಾನವಲ್ಲದೆ ಮತ್ತೇನು? ಮಾಸ್ತರರು ಮೀಸೆಯ ಮೇಲೆ ಕೈಯಾಡಿಸಿಕೊಂಡರು.

ಹೆಸರೂ ಅಂಥಿಂಥದ್ದಲ್ಲ. 1948ರಲ್ಲಿ ನಿಜಾಮನ ಆಳ್ವಿಕೆ ಮುಗಿದ ವಾರ ಅವರೂರು ಕಡಗಂಚಿಯಲ್ಲಿ ಮೊದಲ ಸಲ ಮೂರು ಬಣ್ಣದ ಝಂಡಾ ಏರಿತು, ಅದೇ ಹೊತ್ತಿಗೆ ಮಾಸ್ತರರು ಹುಟ್ಟಿದರು. ಅಪ್ಪ ಹಿಂದೆಮುಂದೆ ನೋಡದೆ ಝಂಡೆಪ್ಪ ಎಂದುಬಿಟ್ಟ. ಇಡೀ ಆಳಂದ ತಾಲೂಕಿನಲ್ಲಿ ಆ ಹೆಸರಿನವರು ಅವರೊಬ್ಬರೇ. ಚಿಕ್ಕಂದಿನಲ್ಲಿ ಪ್ರತಿ ಆಗಸ್ಟ್ ಹದಿನೈದಕ್ಕೆ ಗೆಳೆಯರು ಅವರನ್ನು ಕಂಬಕ್ಕೇರಿಸಲು ಹಗ್ಗ ಹುಡುಕುತ್ತಿದ್ದರು.

ಅಂಥ ಹೆಸರು ಈಗ ಅತನೂರಿನಲ್ಲಿ ಚಲಾವಣೆಗೆ ಬಂದಿತ್ತು. ಅತನೂರಿನಲ್ಲಿ ಮಾತ್ರ. ಜೇವರ್ಗಿಯ ಶಾಲೆಯಲ್ಲಿದ್ದ ಗೆಳೆಯ ಮುರ್ತುಜಾಗೆ ಕಾಗದ ಬರೆದು ವಿಚಾರಿಸಿದ್ದರು. ಈ ಕಡೆ ಒಬ್ಬನೂ ಇಲ್ಲ ಎಂಬ ಉತ್ತರ ಬಂದಿತ್ತು. ಪಾಪ, ಜೇವರ್ಗಿಯವರು ಮಾಸ್ತರರನ್ನು ಕಂಡವರಲ್ಲ.

"ಯಾಕಪಾ ಇದೇ ಹೆಸ್ರು?" ಎಂದು ಕೇಳಿದರು, ಹೊಗಳಿಕೆಗೆ ಕಿವಿ ತೆರೆದು.

"ಭಾಳ ಗಟ್ಟಿ ಹೆಸ್ರರಿ. ಇವನ ಮೊದಲಿನವು ಎರಡು ತೊಟ್ಟಿಲದಾಗೇ ಹೋದ್ವು. ನಿಮ್ಮ ಹೆಸ್ರ ಇಟ್ಟೀವಿ, ಇವ ನಿಂತ." ಬೀರಲಿಂಗಪ್ಪ ತಲೆ ತಗ್ಗಿಸಿದ.

ಎಂಥ ವಿನಯ, ಎಂದುಕೊಂಡರು ಮಾಸ್ತರರು.

ಅವರು ಈ ಊರಿಗೆ ವರ್ಗವಾಗಿ ಬಂದಾಗ ಶಾಲೆಯಲ್ಲಿ ಒಂಬತ್ತು ಜನ ತಿಪ್ಪಣ್ಣಗಳಿದ್ದರು. ಕೂಸುಗಳು ಉಳಿಯದ ಮನೆಯಲ್ಲಿ ಮುಂದೆ ಹುಟ್ಟಿದ್ದನ್ನು ತಿಪ್ಪೆಯ ಮೇಲೆ ಹೊರಳಾಡಿಸಿ ತಿಪ್ಪಣ್ಣ ಎಂದು ಕರೆಯುವುದು ಪದ್ಧತಿ. ಕಸವೆಂದು ತಿಳಿದು ಯಮ ಮುಟ್ಟುವುದಿಲ್ಲವಂತೆ. ಮಾಸ್ತರರಿಗೆ ಮೈ ಉರಿದುಹೋಯಿತು. ಹಣಮಂತದೇವರ ಗುಡಿಕಟ್ಟೆಯ ಮೇಲೆ ನಿಂತು ಒಂದು ತಾಸು ಭಾಷಣ ಬಿಗಿದರು: "ತಿಪ್ಪಿ ಹೆಸ್ರ ಬಿಡ್ರಿ! ಮನಷ್ಯಾರ ಹೆಸ್ರ ಇಡ್ರಿ!" ಊರು ಮಾತು ಕೇಳಿತು. ಆಮೇಲೆ ಒಬ್ಬ ತಿಪ್ಪಣ್ಣನೂ ಹುಟ್ಟಲಿಲ್ಲ. ಹುಟ್ಟಿದವರೆಲ್ಲ ಝಂಡೆಪ್ಪಗಳೇ.

ಊರಿಗಾಗಿ ಅವರು ಪಟ್ಟ ಪಾಡಾದರೂ ಸ್ವಲ್ಪವೇ? ಬಂದ ವರ್ಷವೇ ಬಾವುಟದ ಹಗ್ಗ ಸಿಕ್ಕಿಕೊಂಡಾಗ ತಾವೇ ಕಂಬ ಹತ್ತಿದ್ದರು. ಇಳಿಯಲು ಬರಲಿಲ್ಲ. ಶಾಲೆಯ ಜವಾನ ಹುಸೇನಸಾಬ ಏಣಿ ತರುವವರೆಗೂ ಮೇಲಿನಿಂದಲೇ ಸ್ವಾತಂತ್ರ್ಯದ ಬಗ್ಗೆ ಮಾತಾಡಿದ್ದರು. ಪುಸ್ತಕ ಓದಿ, ಆಳಂದದ ಸಂತೆಯಲ್ಲಿ ಲಕ್ಷಣ ನೋಡಿ ತಂದ ಎಮ್ಮೆಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. ಇಲಾಖೆಯ ಪರೀಕ್ಷೆಯನ್ನು ನಾಲ್ಕು ಸಲ ಕಟ್ಟಿ, ನಾಲ್ಕು ಸಲವೂ ಪರೀಕ್ಷಕರ ಅಜ್ಞಾನಕ್ಕೆ ಮರುಗಿದ್ದರು. ಊರಿನವರು ಅವರನ್ನು ಕಂಡೊಡನೆ ನಗುತ್ತಿದ್ದುದು ಪ್ರೀತಿಗೆ. ಯಾವ ಪಂಚಾಯ್ತಿಗೂ ಕರೆಯದಿದ್ದುದು, ಪಾಠ ಕೆಡಬಾರದೆಂಬ ಕಾಳಜಿಗೆ.

ಕೊರಗು ಇದ್ದದ್ದು ಒಂದೇ. ಹೆಂಡತಿ ಗೌರಾಬಾಯಿ ಎರಡು ಕೂಸುಗಳನ್ನು ಕಳೆದುಕೊಂಡಿದ್ದಳು. ಎರಡಕ್ಕೂ ಮಾಸ್ತರರು ಡಿಕ್ಷನರಿ ನೋಡಿ ಭಾರೀ ಹೆಸರುಗಳನ್ನೇ ಇಟ್ಟಿದ್ದರು. ಈಗ ಮೂರನೆಯದು, ಗಂಡು, ಹುಟ್ಟಿ ಹತ್ತು ದಿನ. ದಿನಕ್ಕೆ ಇಪ್ಪತ್ತು ಸಲ ಅದರ ಮೂಗಿನ ಮುಂದೆ ಬೆರಳು ಹಿಡಿದು ಉಸಿರು ನೋಡುತ್ತಿದ್ದರು. ಹೆದರಿಕೆ ಅವರಿಗೂ ಇತ್ತು, ಹೇಳಿಕೊಳ್ಳುತ್ತಿರಲಿಲ್ಲ.

"ತಿಪ್ಪಣ್ಣ ಗಿಪ್ಪಣ್ಣ ಅಂದೀ, ಊರಾಗ ನನ್ನ ಮಾನ ಹೋಗ್ತದ. ಪೃಥ್ವೀವಲ್ಲಭ ಅಂತ ಇಡೋದು," ಎಂದಿದ್ದರು.

ಗೌರಾಬಾಯಿ ಕೂಸನ್ನು ಇನ್ನಷ್ಟು ಅವಚಿಕೊಂಡಳು.

ಹದಿಮೂರನೆಯ ದಿನ ತೊಟ್ಟಿಲು. ಸೋದರತ್ತೆಯೇ ಕೂಸಿನ ಕಿವಿಯಲ್ಲಿ ಹೆಸರು ಉಸುರಬೇಕಾದ್ದರಿಂದ ಮಾಸ್ತರರ ಅಕ್ಕ ಕಸ್ತೂರಿಬಾಯಿ ಆಳಂದದಿಂದ ಬಂದಿದ್ದಳು. ಹೆಂಗಸರೆಲ್ಲ ಒಳಗೆ. ಮಾಸ್ತರರು ಹೊರಗೆ ಜಗುಲಿಯ ಮೇಲೆ, ಬಾಗಿಲಿಗೆ ಕಿವಿಯಿಟ್ಟು.

"ಪೃಥ್ವೀವಲ್ಲಭ ಅನ್ಲೇನವ್ವಾ?" ಎಂದಳು ಕಸ್ತೂರಿಬಾಯಿ.

"ಬ್ಯಾಡ್ರೀ." ಗೌರಾಬಾಯಿ ತಡೆದಳು. "ಝಂಡೆಪ್ಪ ಅನ್ರಿ."

ಮದುವೆಯಾಗಿ ಹನ್ನೊಂದು ವರ್ಷ. ಗಂಡನ ಹೆಸರು ಅವಳ ಬಾಯಿಂದ ಬಂದದ್ದು ಇದೇ ಮೊದಲು. ಮಾಸ್ತರರ ಕಣ್ಣು ತುಂಬಿ ಬಂತು. ಊರು ಯಾವಾಗಲೋ ಗುರುತಿಸಿದ್ದನ್ನು ಮನೆ ಇವತ್ತು ಗುರುತಿಸಿತು.

"ಜೀವಂತ ಅಪ್ಪನ ಹೆಸ್ರು ಮಗಗ? ಇದು ಎಲ್ಲೀ ಪದ್ಧತಿ ಬೇ?" ಎಂದು ಕಸ್ತೂರಿಬಾಯಿ ಬೆರಗಾದಳು.

"ನಮ್ಮೂರಿಂದು ಯವ್ವಾ." ಇದು ಸೂಲಗಿತ್ತಿ ಹಣಮವ್ವನ ದನಿ, ಊರಿನ ಝಂಡೆಪ್ಪಗಳನ್ನೆಲ್ಲ ತೊಟ್ಟಿಲಿಗೆ ಹಾಕಿದವಳು. ಮಾಸ್ತರರು ಜಗುಲಿಯ ಮೇಲಿರುವುದು ಅವಳಿಗೆ ಗೊತ್ತಿರಲಿಲ್ಲ. "ತಿಪ್ಪಿ ಹೆಸ್ರ ಬ್ಯಾಡ, ಮನಷ್ಯಾರದ ಇಡ್ರಿ ಅಂದ ನಿಮ್ಮ ತಮ್ಮ. ತಿಪ್ಪಿಗಿಂತ ಕೆಲಸಕ್ಕ ಬಾರದ ಮನಷ್ಯ ಯಾರದಾರ ಅಂತ ಊರೆಲ್ಲ ಕುಂತು ವಿಚಾರ ಮಾಡ್ತು. ಭಾಳ ಹೊತ್ತೇನ ಹಿಡೀಲಿಲ್ಲ. ಇಂಥದನ್ನ ಒಯ್ದು ಏನ್ ಮಾಡ್ಲಿ ಅಂತ ಯಮ ಹೊಳ್ಳಿ ಹೋಗ್ತಾನ. ಹೆಸ್ರ ಇಟ್ಟವು ಎಲ್ಲಾ ಉಳದಾವ ನೋಡು."

ಒಳಗೆ ಗೌರಾಬಾಯಿ ಬಿಕ್ಕುವುದು ಕೇಳಿಸಿತು. ಕಸ್ತೂರಿಬಾಯಿ ಹೊಸ್ತಿಲಿಗೆ ಬಂದು, ತಮ್ಮನ ಮುಖ ನೋಡಲಾಗದೆ ನಿಂತಳು. "ಏನ್ ಮಾಡ್ಲೋ ತಮ್ಮಾ? ಕಿವ್ಯಾಗ ಏನಂತ ಹೇಳ್ಲಿ?"

"ಕಿವ್ಯಾಗ ಬ್ಯಾಡಕ್ಕಾ, ಝಂಡೆಪ್ಪ ಅಂತ ಜೋರಾಗಿ ಕೂಗು," ಎಂದರು ಮಾಸ್ತರರು. "ಯಮಗ ಕೇಳಿಸ್ಬೇಕು."