ರೊಟ್ಟಿ ಸಪ್ಪಳ

ಗುರುಪಾದಪ್ಪ ಮಾಸ್ತರರು ಕಾಲರ್ ಮೈಕನ್ನು ಡಬ್ಬಿ ಸಮೇತ ಹಿಂದಕ್ಕೆ ತಂದು ಗಾಜಿನ ಮೇಜಿನ ಮೇಲಿಟ್ಟಾಗ ಶಬ್ಬೀರನಿಗೆ ಮುಖಭಂಗವಾದಂತಾಯಿತು. ಹದಿನೆಂಟು ವರ್ಷದಿಂದ ಬೆಳಗಾವಿಯ ಖಡೇಬಜಾರಿನಲ್ಲಿ ಕ್ಯಾಮೆರಾ, ಮೈಕು ಮಾರುತ್ತ ಬಂದವನು ಅವನು. ಆನ್‌ಲೈನ್ ಪಾಠದ ಗಾಳಿ ಬೀಸಿದ ಮೇಲಂತೂ ಊರಿನ ಅರ್ಧ ಮಾಸ್ತರರು ಅವನನ್ನು ಕೇಳಿಯೇ ಸಾಮಾನು ಕೊಂಡಿದ್ದರು. ಇಲ್ಲಿಯತನಕ ಒಬ್ಬರೂ ಹಿಂದಕ್ಕೆ ತಂದಿರಲಿಲ್ಲ.

“ಏನ್ ತ್ರಾಸ ಆತ್ರೀ ಸರ್?”

“ರೊಟ್ಟಿ ಸಪ್ಪಳದ್ದು ಸರಿ ಆಗವಲ್ದು,” ಎಂದರು ಮಾಸ್ತರರು.

ರೊಟ್ಟಿಯ ವಿಷಯವನ್ನು ಅವರು ಹೋದ ವಾರವೇ ಹೇಳಿದ್ದರು. ಖಾನಾಪುರದಿಂದ ಬಸ್ಸು ಹಿಡಿದು ಬಂದಿದ್ದರು. ನಿವೃತ್ತಿಯಾಗಿದೆ, ಹತ್ತನೇ ತರಗತಿಯ ಗಣಿತದ ಕೋರ್ಸು ಮಾಡಬೇಕು, ದೀಪಾವಳಿಯೊಳಗೆ ಮುಗಿಯಲೇಬೇಕು. ಕ್ಯಾಮೆರಾ ಯಾವುದಾದರೂ ನಡೆದೀತು, ಮೈಕು ಮಾತ್ರ ನೋಡಿ ಕೊಡಬೇಕು. ಪಾಠದ ಕೋಣೆಯಿಂದ ಅಡುಗೆಮನೆ ಹತ್ತೇ ಹೆಜ್ಜೆ. ಅಲ್ಲಿ ಹೆಂಡತಿ ಕಾಂತಾ ರೊಟ್ಟಿ ಬಡಿಯುತ್ತಾಳೆ, ಬಡಿಯುತ್ತ ಹಾಡುತ್ತಾಳೆ, ನಡುವೆ ಏನಾದರೂ ನೆನಪಾದರೆ ಅಲ್ಲಿಂದಲೇ ಗಂಡನನ್ನು ಬೈಯುತ್ತಾಳೆ.

“ಅದರ ವಿಚಾರ ಮಾಡಿ ಕೊಡ್ರಿ,” ಎಂದು, ಕಪಾಟಿನಲ್ಲಿದ್ದ ಗುಂಡನೆಯ ಮೈಕಿನತ್ತ ಕೈ ತೋರಿಸಿದ್ದರು.

“ಅದು ಬ್ಯಾಡ್ರಿ ಸರ್. ನಾಕೂ ದಿಕ್ಕಿನ ಸಪ್ಪಳ ಎಳಕೋತೈತಿ. ಬಾಜೂ ಖೋಲ್ಯಾಗ ಚಮಚಾ ಬಿದ್ರೂ ಬಿಡಂಗಿಲ್ಲ.”

ಮಾಸ್ತರರು ಇನ್ನೇನೋ ಹೇಳಲು ಬಾಯಿ ತೆರೆದಿದ್ದರು. ಶಬ್ಬೀರ ಅಷ್ಟರಲ್ಲಿ, ಹಾಕಿಕೊಂಡವರ ದನಿಯನ್ನಷ್ಟೇ ಹಿಡಿಯುವ ಕಾಲರ್ ಮೈಕು ಕಟ್ಟಿಕೊಟ್ಟಾಗಿತ್ತು.

ಈಗ ಅವರು ಮತ್ತೆ ಅದೇ ಕಪಾಟಿನತ್ತ ನೋಡಿದರು. “ಆ ಗುಂಡಂದ ಕೊಡ್ರಿ.”

“ಸರ್, ಮನೀ ಗದ್ದಲ ಎಲ್ಲಾ...”

“ಇರ್ಲಿ, ಕೊಡ್ರಿ.”

ಮಾಸ್ತರರಿಗೇ ಪಾಠ ಹೇಳಲು ಆಗುತ್ತದೆಯೇ? ಶಬ್ಬೀರ ಒಲ್ಲದ ಮನಸ್ಸಿನಿಂದ ಕೊಟ್ಟ. ಕೋರ್ಸನ್ನು ಎಲ್ಲಿ ಹಾಕುತ್ತೀರಿ ಎಂದು ಕೇಳಿದ್ದಕ್ಕೆ ಅವರು, “ಅದನ್ನ ಆಮ್ಯಾಲ ನೋಡೂಣು,” ಎಂದು ಬಸ್ಸಿಗೆ ಹೊರಟರು.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೇ ಫೋನ್ ಬಂತು. ಹೆಂಗಸಿನ ದನಿ. ನಾಲ್ಕು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿತ್ತು.

“ಅಣ್ಣಾರ, ನಾ ಗುರುಪಾದಪ್ಪ ಮಾಸ್ತರ ಮನಿಯಾಕಿ, ಕಾಂತಾ. ಚೀಟಿ ಮ್ಯಾಲಿನ ನಂಬರ್ ನೋಡಿ ಹಚ್ಚೀನಿ. ಫೋನ್ ಮಾಡಿದ್ದು ಅವರಿಗೆ ಹೇಳಬ್ಯಾಡ್ರಿ.”

“ಹೇಳ್ರಿ ಅಕ್ಕಾರ.”

“ಹೋದ ವಾರ ಪಾಠ ಮೈಕಿನ್ಯಾಗ ತುಂಬಿಕೊಂಡು, ಕಿವಿಗೆ ಹಚ್ಚಿ ಕೇಳತಿದ್ರು. ಕೇಳಿ ಕಣ್ಣ ಒರಸಿಕೊಂಡ್ರು. ನನ್ನ ಗದ್ದಲಕ್ಕ ಕೆಟ್ಟಿರಬೇಕು.” ಮತ್ತೊಮ್ಮೆ ಉಸಿರು ಎಳೆದುಕೊಂಡಳು. “ಡಾಕ್ಟರು ನನಗ ದೀಪಾವಳಿ ತನಕ ಅಂದಾರ. ಅಷ್ಟರಾಗ ಇವರ ಕೋರ್ಸ್ ಒಂದ ಪೂರಾ ಆದ್ರ ಸಾಕು. ನಾ ಏನ್ ಮಾಡ್ಬೇಕು ಹೇಳ್ರಿ.”

ಶಬ್ಬೀರನಿಗೆ ಮಾಸ್ತರರ ಮೇಲೆ ಸಿಟ್ಟು ಉಕ್ಕಿತು. ಹೆಂಡತಿ ದಿನ ಎಣಿಸುತ್ತಿದ್ದಾಳೆ, ಈ ಮನುಷ್ಯನಿಗೆ ಗಣಿತದ ಚಿಂತೆ. ಆದರೆ ಕೇಳಿದವಳಿಗೆ ಗೊತ್ತಿದ್ದನ್ನು ಹೇಳದೆ ಇರಲಾರ.

“ಹೊಸಾ ಮೈಕು ಎಲ್ಲಾ ಕೇಳತೈತ್ರಿ ಅಕ್ಕಾರ. ಕ್ಯಾಮೆರಾದ ಕೆಂಪು ದೀಪ ಹತ್ತಿರೂತನಕ ರೊಟ್ಟಿ ಬ್ಯಾಡ, ಹಾಡ ಬ್ಯಾಡ. ಅವರು ಏನರೆ ಕೇಳಿದ್ರೂ ಕೈಸನ್ನಿ ಮಾಡ್ರಿ. ಬಳಿನೂ ಸಪ್ಪಳ ಮಾಡತಾವು, ತಗದ ಇಡ್ರಿ.”



“ಗಂಡ ಇರೂತನಕ ಬಳಿ ತಗ್ಯಾಂಗಿಲ್ಲ ಅಣ್ಣಾರ,” ಎಂದಳು ಕಾಂತಾ. “ಅರಿವಿ ಸುತ್ತಿಕೋತೀನಿ.”

ಆಮೇಲೆ ಮಾಸ್ತರರು ಮೈಕು ಹಿಂದಕ್ಕೆ ತರಲಿಲ್ಲ. ಶಬ್ಬೀರ ಒಳಗೊಳಗೇ ಬೀಗಿದ. ಮೈಕು ಎಂಥದಾದರೂ ಇರಲಿ, ಮನೆ ಸುಮ್ಮನಿದ್ದರೆ ಪಾಠ ಸಾಫಾಗಿ ಬರುತ್ತದೆ ಎಂದು ಬಂದ ಗಿರಾಕಿಗಳಿಗೆಲ್ಲ ಹೇಳತೊಡಗಿದ.

ದೀಪಾವಳಿ ಮುಗಿದು ಹತ್ತು ದಿನಕ್ಕೆ ಮಾಸ್ತರರು ಬಂದರು. ಗಡ್ಡ ಬೆಳೆದಿತ್ತು. ವಿಭೂತಿ ಮಾತ್ರ ನೆಟ್ಟಗಿತ್ತು. ಮೇಜಿನ ಮೇಲೆ ಒಂದು ಮೆಮೊರಿ ಕಾರ್ಡ್ ಇಟ್ಟರು.

“ನಮ್ಮಾಕಿ ಹ್ವಾದ್ಳು, ಶಬ್ಬೀರಭಾಯಿ. ಹಬ್ಬಕ್ಕ ಎರಡ ದಿನ ಮೊದಲ.” ಕಾರ್ಡನ್ನು ಬೆರಳಿನಿಂದ ಮುಂದಕ್ಕೆ ಸರಿಸಿದರು. “ಮೂವತ್ತೆಂಟು ಪಾಠ ಅದಾವು. ಕೇಳ್ರಿ.”

ಶಬ್ಬೀರ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ, ಹೆಡ್‌ಫೋನ್ ಕಿವಿಗೇರಿಸಿದ. ಇಷ್ಟು ಸಾಫಾದ ಧ್ವನಿಮುದ್ರಣವನ್ನು ಅವನು ಕೇಳಿಯೇ ಇರಲಿಲ್ಲ. ಹಲಗೆಯ ಮೇಲೆ ಸೀಮೆಸುಣ್ಣ, ಮಾಸ್ತರರ ದನಿ, ವರ್ಗಸಮೀಕರಣ. ಅದರ ಆಚೆ ಒಂದು ಹುಲ್ಲುಕಡ್ಡಿ ಅಲುಗಿದ ಸಪ್ಪಳವೂ ಇಲ್ಲ.

ಒಂದೇ ವಿಚಿತ್ರ. ಲೆಕ್ಕದ ನಡುವೆ ಮಾಸ್ತರರು ನಿಲ್ಲುತ್ತಿದ್ದರು. “ಕಾಂತಾ, ಇವತ್ತ ಏನ್ ಪಲ್ಯಾ?” ಉತ್ತರ ಇಲ್ಲ. ಇನ್ನೊಂದು ಪಾಠದಲ್ಲಿ, “ಕಾಂತಾ, ಆ ಹಾಡಿನ ಎರಡನೇ ಸಾಲ ಯಾವುದ?” ಉತ್ತರ ಇಲ್ಲ. ಕೊನೆಯ ಪಾಠದಲ್ಲಿ ಬರೀ “ಕಾಂತಾ” ಎಂದು ಕರೆದು, ತುಂಬ ಹೊತ್ತು ಸುಮ್ಮನಿದ್ದು, ಮತ್ತೆ ಲೆಕ್ಕ ಮುಂದುವರಿಸಿದ್ದರು.

“ಭಾಳ ಸಾಫ್ ಅದಾವ್ರಿ ಸರ್. ನಡುವಿನ ಮಾತು ಅಷ್ಟ ಕತ್ತರಿಸಿದ್ರ ಕೋರ್ಸ್ ತಯಾರು.”

ಮಾಸ್ತರರು ತಲೆ ಅಲ್ಲಾಡಿಸಿದರು. “ಕೆಂಪು ದೀಪ ಹತ್ತಿತಂದ್ರ ಮಾತ ಬಿಡತಿದ್ಳು. ನನ್ನ ಮ್ಯಾಲ ಏನರೆ ಸಿಟ್ಟ ಇತ್ತೋ ಏನೋ.”

 ಸತ್ತವಳು ಹೇಳಬೇಡ ಎಂದಿದ್ದ ಮಾತು ಶಬ್ಬೀರನ ನಾಲಿಗೆಯ ತುದಿಗೆ ಬಂದು ನಿಂತಿತು.

“ಕೋರ್ಸ್ ಯಾರಿಗೆ ಬೇಕಾಗಿತ್ರಿ?” ಎಂದರು ಮಾಸ್ತರರು. “ಆಕೀ ಮುಂದ ಮೈಕ್ ಹಿಡದ್ರ ಬಾಯಿ ಬಿಡಾಕಿ ಅಲ್ಲ ಅಂತ, ಆಕಿ ಹಾಡು ತುಂಬಿಕೊಳ್ಳಾಕ ಈ ಪಾಠದ ನೆಪ ಹೂಡಿದ್ದೆ. ನನ್ನ ದನಿ ಎಲ್ಲಾ ಅಳಸಿ, ಹಿಂದ ಆಕೀದು ಏನರೆ ಉಳದಿದ್ರ ಕೊಡ್ರಿ, ಒಂದು ರೊಟ್ಟಿ ಬಡದದ್ದಾದ್ರೂ ನಡೀತೈತಿ.”